ಮೊದಲು ಯಂತ್ರದ ಊರು ಕೇಳಿದವರು

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು! ಅಂತಿಂಥ ಕೆಲಸವಲ್ಲ. ಜಪಾನು, ಅಮೆರಿಕದಿಂದ ಮಕ್ಕಳ ಆಟದ ಯಂತ್ರಗಳನ್ನು ತರಿಸಿ ಇಲ್ಲಿಯ ಮಾಲುಗಳಲ್ಲಿ ಇಡುವ ಕಂಪನಿಯಲ್ಲಿ ಕರೆಂಟಿನ ಇಂಜಿನಿಯರ್. ಇನ್ನು ಮೇಲೆ ಅವಳು ನೋಡಿ, ಅಳೆದು, ಸಹಿ ಹಾಕದೆ ಅಲ್ಲಿ ಒಂದು ಯಂತ್ರಕ್ಕೂ ಕರೆಂಟ್ ಕೊಡುವ ಹಾಗಿಲ್ಲ. ಇಪ್ಪತ್ತಮೂರು ವರ್ಷದ ಹುಡುಗಿ! ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. ಹನ್ನೊಂದರೊಳಗೆ ನಾನು ದೋಹಾದ ಹೊರಗಿನ ಅಲ್ ವುಕೈರ್‌ನ ನಮ್ಮ ಕಟ್ಟಡದ ವಾಚ್‌ಮನ್‌ಗೆ, ಕೆಳಗಿನ ಅಂಗಡಿಯ ಮಲಯಾಳಿಗೆ, ಲಿಫ್ಟಿನಲ್ಲಿ ಸಿಕ್ಕ ಫಿಲಿಪೈನ್ಸಿನ ಹೆಂಗಸಿಗೆ, ಎಲ್ಲರಿಗೂ ಹೇಳಿ ಮುಗಿಸಿದ್ದೆ. ಆ ಹೆಂಗಸಿಗೆ ನನ್ನ ಮಾತು ತಿಳಿಯಲಿಲ್ಲ. ಆದರೂ ನಕ್ಕು ಕೈ ಕುಲುಕಿದಳು.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೂವತ್ತು ವರ್ಷ ಈ ದೇಶದಲ್ಲಿ ಸ್ಟಿಯರಿಂಗ್ ಹಿಡಿದೆ, ಪೆನ್ನು ಹಿಡಿದದ್ದು ಕಡಿಮೆ. ಆದರೆ ಇವತ್ತು ಬರೆಯದಿದ್ದರೆ ನನ್ನ ಹೊಟ್ಟೆ ಉಬ್ಬಿ ಒಡೆದೀತು.

ಮಧ್ಯಾಹ್ನ ಅವಳು ಮನೆಗೆ ಬಂದು ಚೀಲವನ್ನು ನನ್ನ ಮಂಚದ ಮೇಲೆ ಎಸೆದಾಗ ಅದರಿಂದ ಬೆಸುಗೆಯ ವಾಸನೆ ಬಂತು. ವೈರಿಗೆ ಸೋಲ್ಡರ್ ಹಾಕುವಾಗ ಹೊಗೆಯ ಜೊತೆ ಏಳುತ್ತದಲ್ಲ, ಆ ರಾಳದ ವಾಸನೆ. ಅದರ ಹಿಂದೆಯೇ ಒಬ್ಬರು ಬಂದು ನನ್ನೆದುರು ನಿಂತ ಹಾಗಾಯಿತು... ಪುತ್ತೂರು ಕಡೆಯ ಬ್ಯಾರಿ. ಹದಿನಾಲ್ಕು ವರ್ಷದ ಹಿಂದೆ ನಾವು ದೋಹಾ ಅಲ್ ಜದೀದಾದಲ್ಲಿದ್ದಾಗ ನಮ್ಮ ಫ್ಲ್ಯಾಟಿನ ಕೆಳಗೆ, ಮೆಟ್ಟಿಲ ಅಡಿಯಲ್ಲಿ, ಅವರ ರಿಪೇರಿ ಅಂಗಡಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ಕಾಕ.

ಆ ಅಂಗಡಿಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ರೇಡಿಯೋ ಏನೇ ತಂದುಕೊಡಿ, ಏನು ಕೆಟ್ಟಿದೆ ಎಂದು ಕಾಕ ಕೇಳುತ್ತಿರಲಿಲ್ಲ. "ಇದು ಯಾವ ಊರಿನದ್ದು?" ಎನ್ನುತ್ತಿದ್ದರು. ಆಮೇಲೆ ಅದನ್ನು ಕವುಚಿ ಹಾಕಿ, ಬೆನ್ನಿಗೆ ಅಂಟಿಸಿದ ತಗಡಿನ ಚೀಟಿಯನ್ನು ಓದುತ್ತಿದ್ದರು. ಓದಿ ಮುಗಿಯದೆ ಪ್ಲಗ್ಗಿಗೆ ಕೈ ಹಾಕಿದವರಲ್ಲ. ಗಿರಾಕಿ ಎಷ್ಟು ಅವಸರ ಮಾಡಿದರೂ ಅಷ್ಟೇ.

ಆಗ ನಾನು ಕಾರು ಓಡಿಸುತ್ತಿದ್ದ ಜಪಾನಿ ಸಾಹೇಬರು ತಮ್ಮ ದೇಶಕ್ಕೆ ಹೊರಟರು. ಅವರ ಮಕ್ಕಳದ್ದೊಂದು ಆಟದ ಯಂತ್ರವಿತ್ತು, ಜಪಾನಿನಿಂದಲೇ ತಂದದ್ದು. ತಗಡಿನ ಬಿಲ್ಲೆ ಹಾಕಿ ಗುಂಡಿ ಒತ್ತಿದರೆ ಬೆಕ್ಕು, ಮೀನು, ಕೊಡೆಯ ಚಿತ್ರದ ಮೂರು ಚಕ್ರಗಳು ಗಿರಗಿರನೆ ತಿರುಗಿ ನಿಲ್ಲುತ್ತಿದ್ದವು. ಮೂರೂ ಒಂದೇ ಚಿತ್ರವಾದರೆ ಗಂಟೆ ಹೊಡೆದು ಕೆಳಗಿನ ಕಬ್ಬಿಣದ ತಟ್ಟೆಗೆ ಬಿಲ್ಲೆಗಳು ಉದುರುತ್ತಿದ್ದವು. ಅದನ್ನು ನನ್ನ ಮೊಮ್ಮಗಳಿಗೆ ಕೊಟ್ಟರು. ಅದರ ಪಕ್ಕದಲ್ಲಿ ಒಂದು ಕಬ್ಬಿಣದ ಡಬ್ಬ, ಇಟ್ಟಿಗೆಗಿಂತ ಭಾರ. ಸಾಹೇಬರ ಹೆಂಡತಿ ಅದನ್ನು ಎರಡು ಸಲ ನನ್ನ ಕೈಗೆ ಕೊಟ್ಟರು. ಎರಡು ಸಲವೂ ನಾನು ಮರ್ಯಾದೆಯಿಂದ ತಿರುಗಿ ಇಟ್ಟೆ. ಕೊಟ್ಟದ್ದನ್ನೆಲ್ಲ ಬಾಚಿಕೊಂಡು ಹೋಗುವವನು ಎಂದು ಅವರಿಗೆ ಅನ್ನಿಸಬಾರದಲ್ಲ!

ಮೆಟ್ಟಿಲು ಹತ್ತುವಾಗ ಕಾಕ ಅಂಗಡಿಯಿಂದ ಕತ್ತು ಹೊರಗೆ ಹಾಕಿದರು. "ಡ್ರೈವರೇ, ಅದು ಯಾವ ಊರಿನದ್ದು? ಒಮ್ಮೆ ಬೆನ್ನು ತೋರಿಸಿ ಹೋಗಿ."

"ಮಕ್ಕಳ ಆಟದ ಸಾಮಾನು ಕಾಕ. ಅದ್ರಲ್ಲಿ ಎಂತ ನೋಡ್ಲಿಕ್ಕುಂಟು?" ಎಂದು ಹತ್ತಿಬಿಟ್ಟೆ.

ಅದರ ಪ್ಲಗ್ಗಿಗೆ ಎರಡು ಚಪ್ಪಟೆ ಕಾಲು, ನಮ್ಮ ಗೋಡೆಯಲ್ಲಿ ಮೂರು ಚೌಕದ ತೂತು. ಅಂಗಡಿಯಿಂದ ಒಂದು ಅಡಾಪ್ಟರ್ ತಂದೆ. ಅದಕ್ಕೂ ಎರಡೇ ಕಾಲು. ಮೇಲಿನ ತೂತಿಗೆ ಪೆನ್ನು ತುರುಕಿ, ಕೆಳಗಿನ ಎರಡಕ್ಕೆ ಅದನ್ನು ಒತ್ತಿದೆ. ಈ ದೇಶದಲ್ಲಿ ನಾವೆಲ್ಲ ಮಾಡುವುದು ಹಾಗೆಯೇ, ಕಾಲು ಹೊಂದಿತು ಎಂದರೆ ಕರೆಂಟೂ ಹೊಂದಿತು ಎಂದು ಲೆಕ್ಕ. ಯಂತ್ರದ ಹಿಂದೆ ಹಸಿರು ವೈರೊಂದು ಬಾಲದ ಹಾಗೆ ತೂಗುತ್ತಿತ್ತು. ಎಲ್ಲಿಗೂ ಸೇರುವುದಿಲ್ಲವಲ್ಲ ಎಂದು ಅದನ್ನು ಕತ್ತರಿಸಿ ಹಾಕಿದೆ.

ಚಕ್ರಗಳು ಹುಚ್ಚು ಹಿಡಿದ ಹಾಗೆ ತಿರುಗಿದವು. ಒಳಗೆ ಚಟ್ ಎಂದಿತು, ಕಮಟು ಹೊಗೆ ಬಂತು. ಸ್ನಾನ ಮಾಡಿ ಬಂದಿದ್ದ ಒಂಬತ್ತು ವರ್ಷದ ಮಗು ಒದ್ದೆ ಕೈಯಲ್ಲಿ ಅದರ ಕಬ್ಬಿಣದ ತಟ್ಟೆಯನ್ನು ಹಿಡಿದಿತ್ತು. ಅವಳು ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು... ಬಾಯಿ ತೆರೆದವಳು ತೆರೆದ ಹಾಗೆಯೇ ನಿಂತಳು. ಕಣ್ಣು ಮಿಟುಕಿಸುವಷ್ಟರಲ್ಲಿ ಗೋಡೆಯ ಮೇನ್ ಸ್ವಿಚ್ ತಾನಾಗಿ ಬಿತ್ತು. ಎಸಿ ನಿಂತಿತು. ಮಗು ನೆಲಕ್ಕೆ ಕುಸಿಯಿತು. ಆಮೇಲೆ ಅತ್ತಳು. ಆ ಅಳುವಿನಷ್ಟು ಇಂಪಾದದ್ದನ್ನು ನಾನು ಕೇಳಿಲ್ಲ.

ಗಲಾಟೆ ಕೇಳಿ ಕಾಕ ಮೇಲೆ ಬಂದಾಗ ನನ್ನ ಮಗ ಯಂತ್ರವನ್ನು ಬಾಗಿಲ ತನಕ ಎಳೆದು ತಂದಿದ್ದ. "ಇದು ಈಗ್ಲೇ ಕಸಕ್ಕೆ. ಇವಳು ಇನ್ನು ಒಂದು ಸ್ವಿಚ್ ಮುಟ್ಟಿದ್ರೆ ನೋಡಿ!" ಎಂದು ಕೂಗುತ್ತಿದ್ದ.

ಕಾಕ ಮೊದಲು ಮಗುವಿನ ಅಂಗೈ ನೋಡಿದರು, ಡಾಕ್ಟರಿಗೆ ತೋರಿಸಿ ಎಂದರು. ಆಮೇಲೆ ಹೊಸ್ತಿಲಲ್ಲಿ ಕೂತು ಯಂತ್ರದ ಬೆನ್ನು ಓದಿದರು. "ಇಲ್ಲಿ ನೂರು ವೋಲ್ಟ್ ಅಂತ ಉಂಟು. ನಿಮ್ಮ ಗೋಡೆಯಲ್ಲಿ ಬರುದು ಇನ್ನೂರನಲ್ವತ್ತು. ಎರಡು ದೋಸೆ ತಿನ್ನುವವನ ಬಾಯಿಗೆ ಐದು ತುರುಕಿದ ಹಾಗೆ. ನಡುವೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕಿತ್ತು, ಒಂದು ಭಾರದ ಕಬ್ಬಿಣದ ಡಬ್ಬ. ಸಾಹೇಬರಲ್ಲಿ ಇದ್ದಿರ್ಲೇಬೇಕು, ಅದನ್ನು ಇವರು ಬಿಟ್ಟು ಬಂದಿದ್ದಾರೆ. ಯಂತ್ರದ್ದು ತಪ್ಪಿಲ್ಲ, ಮಗುವಿನದ್ದೂ ಇಲ್ಲ." ಮತ್ತೆ ನನ್ನತ್ತ ಕೈ ತೋರಿಸಿ, "ಬಿಸಾಡ್ಲೇಬೇಕಾದ್ರೆ ಇವರನ್ನು ಬಿಸಾಡಿ!" ಎಂದರು.

ಅಳುತ್ತಿದ್ದ ಸೊಸೆ ಫಕ್ಕನೆ ನಕ್ಕಳು. ಮಗ ನಗಲಿಲ್ಲ. ಆಗ ತಾಯಿಯ ಸೆರಗಿನ ಹಿಂದಿನಿಂದ ಒಂದು ಸ್ವರ ಬಂತು. "ಕಾಕ, ಆ ಗ್ರೀನ್ ವೈರ್ ಯಾಕೆ ಇತ್ತು?"

"ಕೇಳಿದ್ರಾ? ಇಷ್ಟು ಜನ ದೊಡ್ಡವರಲ್ಲಿ ಒಬ್ಬರೂ ಕೇಳ್ಲಿಲ್ಲ ಅದನ್ನು" ಎಂದರು ಕಾಕ. ತಪ್ಪಿ ಯಂತ್ರದ ಮೈಗೆ ಬಂದ ಕರೆಂಟನ್ನು ಮನುಷ್ಯರ ಮೇಲೆ ಬಿಡದೆ ಭೂಮಿಗೆ ಇಳಿಸುವ ದಾರಿ ಅದು ಎಂದು ಅವಳಿಗೆ ಹೇಳಿ, ನನ್ನ ಮಗನ ಕಡೆ ತಿರುಗಿದರು. "ಹೆದರಿಸಿ ಇಟ್ರೆ ಮಗು ನಾಳೆ ಕದ್ದು ಮುಟ್ತದೆ. ಕಲಿಸುವ. ಶುಕ್ರವಾರ ನಮಾಜ್ ಆದ ಮೇಲೆ ಕಳಿಸಿ."

"ಖಲಾಸ್ ಕಾಕ. ಅವಳಿಗೆ ಕರೆಂಟಿನ ಸಹವಾಸ ಬೇಡ" ಎಂದ ಮಗ.

ನಾನು ಜೀವನದಲ್ಲಿ ಮಗನಿಗೆ ಎದುರು ಮಾತಾಡಿದ್ದು ಅವತ್ತೊಂದೇ ದಿನ. ತಪ್ಪು ನನ್ನದು, ಅದನ್ನು ಸರಿಮಾಡುವ ಹಕ್ಕೂ ನನ್ನದು, ಶುಕ್ರವಾರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಕರೆದುಕೊಂಡೇ ಹೋದೆ. ನಾಲ್ಕು ಶುಕ್ರವಾರ ಅವನು ನನ್ನೊಡನೆ ಮಾತಾಡಲಿಲ್ಲ.

ಮೊದಲ ಎರಡು ವಾರ ಕಾಕ ಅವಳ ಕೈಗೆ ಏನನ್ನೂ ಕೊಡಲಿಲ್ಲ, ಬರೀ ಯಂತ್ರಗಳ ಬೆನ್ನು ಓದಿಸಿದರು. ನನಗೂ ಓದಿಸಿದರು. "ಇಂಗ್ಲಿಷ್ ಬೇಡ ಡ್ರೈವರೇ, ಅಂಕೆ ಗೊತ್ತುಂಟಲ್ಲ?" ಆಮೇಲೆ ಸುಟ್ಟ ಭಾಗ ಬದಲಿಸಿದರು. ಹಸಿರು ವೈರನ್ನು ಹೊಸದಾಗಿ ಕಬ್ಬಿಣದ ಮೈಗೆ ಬಿಗಿದು, ಅದರ ಇನ್ನೊಂದು ತುದಿಯನ್ನು ಗೋಡೆಯ ಅರ್ತಿಂಗಿಗೆ, ಅಂದರೆ ಭೂಮಿಗೆ ಇಳಿಯುವ ವೈರಿಗೆ, ಸೇರಿಸಿದರು. ಯಂತ್ರ ಎಳೆಯುವ ಕರೆಂಟಿಗಿಂತ ಮೂರು ಪಟ್ಟು ತಾಕತ್ತಿನ ಟ್ರಾನ್ಸ್‌ಫಾರ್ಮರ್ ಹುಡುಕಿ ತಂದು, ಅದರ ಮೇಲೆ ಬಟ್ಟೆ ಹಾಕಬೇಡಿ, ಆಟ ಮುಗಿದ ಮೇಲೆ ಸ್ವಿಚ್ ಆರಿಸಿ ಎಂದು ನನಗೆ ಹತ್ತು ಸಲ ಹೇಳಿದರು. ಕೊನೆಗೆ ಬಿಲ್ಲೆ ಹಾಕುವ ಬಾಯಿಗೆ ತಗಡು ಹೊಡೆದು ಮುಚ್ಚಿ, ಕಾಲಿಂಗ್ ಬೆಲ್ಲಿನ ಗುಂಡಿ ಕೂರಿಸಿದರು. "ಬಿಲ್ಲೆಯ ಚಟ ಬಿಲ್ಲೆಯಲ್ಲಿ ನಿಲ್ಲುದಿಲ್ಲ, ಜೂಜಿಗೆ ಹೋಗ್ತದೆ. ನಮಗೂ ಬೇಡ, ಈ ದೇಶಕ್ಕೂ ಬೇಡ. ಇದು ಆಟ ಮಾತ್ರ ಆಗಿರ್ಲಿ."

ನಾಲ್ಕನೇ ಶುಕ್ರವಾರ ಸ್ವಿಚ್ ಹಾಕಿದರು. ಮಗು ವೋಲ್ಟ್ ಅಳೆಯುವ ಮೀಟರ್ ನೋಡಿ "ಹಂಡ್ರೆಡ್!" ಎಂದು ಕಿರುಚಿತು. ಮುಟ್ಟಲು ಹೋದವಳನ್ನು ಕಾಕ ತಡೆದರು. "ಮೊದಲು ಅಜ್ಜ ಮುಟ್ಲಿ. ತಪ್ಪು ಮಾಡಿದವರು ಮುಂದೆ."

ಅಂಗೈಯನ್ನು ಅಂಗಿಗೆ ಒರೆಸಿಕೊಂಡೆ. ಮುಟ್ಟಿದೆ. ತಣ್ಣನೆಯ ಕಬ್ಬಿಣ, ಅಷ್ಟೇ. ಈ ಸೆಕೆಯ ದೇಶದಲ್ಲಿ ಅಷ್ಟು ಒಳ್ಳೆಯ ತಂಪು ನಾನು ಬೇರೆ ಕಂಡಿಲ್ಲ.

ಅಲ್ಲಿಂದ ಅವಳು ಅಂಗಡಿ ಬಿಡಲಿಲ್ಲ. ನೆಂಟರು, ನಮ್ಮ ಊರಿನವರು ಸುಮ್ಮನಿರುತ್ತಾರೆಯೇ? ಹೆಣ್ಣುಮಗುವಿಗೆ ಸ್ಕ್ರೂಡ್ರೈವರ್ ಯಾಕೆ, ನಾಳೆ ಯಾರು ಮದುವೆಯಾಗುತ್ತಾರೆ, ಅಜ್ಜನಿಗೆ ಬುದ್ಧಿ ಇಲ್ಲ... ಎಲ್ಲ ಕೇಳಿಸಿಕೊಂಡೆ. ಒಂದಕ್ಕೂ ತಲೆ ಬಾಗಿಸಲಿಲ್ಲ. ಈಗ ಓದಲಿ ಅವರು, ಕನ್ನಡಕ ಒರೆಸಿಕೊಂಡು ಎರಡು ಸಲ ಓದಲಿ!

ಬೇಡ ಎಂದವರೆಲ್ಲ ಗಟ್ಟಿಮುಟ್ಟಾಗಿದ್ದಾರೆ. ಬೇಕು ಎಂದವರೊಬ್ಬರು ಇಲ್ಲ. ಆ ಕಟ್ಟಡ ಕೆಡವಿದ ವರ್ಷ ಕಾಕ ಊರಿಗೆ ಹೋದರು. ಹಬ್ಬಕ್ಕೆ ಫೋನ್ ಮಾಡುತ್ತಿದ್ದರು, "ಹುಡುಗಿ ಎಲ್ಲಿಗೆ ಮುಟ್ಟಿದಳು?" ಎಂದು ಕೇಳುತ್ತಿದ್ದರು. ಹೋದ ವರ್ಷದ ಹಬ್ಬಕ್ಕೆ ಫೋನ್ ಬರಲಿಲ್ಲ. ನಾನೇ ಮಾಡಿದೆ. ಅವರ ಮಗ ಎತ್ತಿದ... ಇವತ್ತು ಇಡೀ ಕಟ್ಟಡಕ್ಕೆ ಹೇಳಿದೆನಲ್ಲ, ಹೇಳಬೇಕಾದವರಿಗೆ ಹೇಳಲಿಕ್ಕಾಗಲಿಲ್ಲ.

ನನ್ನ ಮಗ ಅವಳ ಓದಿಗೆ ಇಲ್ಲ ಎನ್ನಲಿಲ್ಲ, ಫೀಸು ಕಟ್ಟಿದ. ಆದರೆ ಮನೆಯೊಳಗೆ ಅವಳು ವೈರು ಹಿಡಿದರೆ ಎದ್ದು ಆಚೆ ಹೋಗುತ್ತಿದ್ದ. ಒಂದು ಬಲ್ಬು ಹೋದರೂ ಹೊರಗಿನವರನ್ನೇ ಕರೆಸುತ್ತಿದ್ದ. ಹದಿನಾಲ್ಕು ವರ್ಷ. ಆ ದಿನದ ಹೆದರಿಕೆ ಅವನಿಗೆ ಬಿಟ್ಟಿರಲಿಲ್ಲ. ಅದು ನಾನು ಹಚ್ಚಿದ್ದು, ಅವನನ್ನು ಬೈಯಲು ನನಗೆ ಬಾಯಿಲ್ಲ.

ಸಂಜೆ ಸೊಸೆ ಹಮೂರ್ ಮೀನಿನ ಗಸಿ, ನೀರುದೋಸೆ ಮಾಡಿದಳು. ನಾವು ನಾಲ್ವರೂ ಒಟ್ಟಿಗೆ ಕೂತೆವು. ಎರಡನೇ ದೋಸೆ ಹಾಕುತ್ತಾ ಸೊಸೆ, "ಮಿಕ್ಸಿ ಮುಟ್ಟಿದ್ರೆ ಬೆರಳು ಜುಂ ಅಂತದೆ ಮಾರಾಯ್ರೆ, ಇವತ್ತು ಅರೆಯುವಾಗ ಎರಡು ಸಲ ಆಯ್ತು" ಎಂದಳು. ಮಗನ ಕೈ ಫೋನಿನ ಕಡೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಅವನು ಮಗಳ ಮುಖ ನೋಡಿದ.

"ನೀನೇ ಒಮ್ಮೆ ನೋಡು ಮಗಾ."

"ಫಸ್ಟ್ ಪ್ಲಗ್ ತೆಗೀರಿ ಅಪ್ಪ. ಊಟ ಆಗ್ಲಿ, ನೋಡ್ತೇನೆ" ಎಂದಳು ಅವಳು, ಬಾಯಿ ತುಂಬ ದೋಸೆ ಇಟ್ಟುಕೊಂಡು.

ಅವನು ಎದ್ದು ಹೋಗಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ವಾಪಸು ಬಂದು ಅವಳ ಪಕ್ಕದಲ್ಲೇ ಕೂತ. ಗಸಿಯ ಪಾತ್ರೆ ತಳ ಕಾಣುವವರೆಗೂ ನಾವು ಉಂಡೆವು.