ಕಾಲು ತೊಳೆಯದೆ ಹೆಸರಿಟ್ಟ ಹಕ್ಕಿ

1938ರ ನವೆಂಬರ್ ಕೊನೆಯ ಭಾನುವಾರ ಬೆಳಗ್ಗೆ ಸೂಳೆಕೆರೆಯ ಅಂಚಿನಲ್ಲಿ ನಾನು ಒಂದು ಹಕ್ಕಿಗೆ ತಪ್ಪು ಹೆಸರಿಟ್ಟೆ. ಮುಂದಿನ ವಾರ ಆ ತಪ್ಪನ್ನು ಇದೇ ಅಂಕಣದಲ್ಲಿ ಅಚ್ಚು ಹಾಕಿಸಿದೆ.

ಹಕ್ಕಿ ಗುಬ್ಬಿಯಷ್ಟು. ಚಳಿಗಾಲಕ್ಕೆ ಉತ್ತರದಿಂದ ಬಂದು ಕೆಸರಲ್ಲಿ ಹುಳು ಹೆಕ್ಕುವ ಜಾತಿ. ಇದರಲ್ಲಿ ಎರಡು ಬಗೆ, ನೋಡಲು ಅವಳಿಗಳೇ. ನನ್ನ ಇಂಗ್ಲಿಷ್ ಪುಸ್ತಕದ ಪ್ರಕಾರ ಕಪ್ಪು ಕಾಲಿನದು ಲಿಟಲ್ ಸ್ಟಿಂಟ್, ಹಳದಿ ಕಾಲಿನದು ಟೆಮಿಂಕ್ಸ್ ಸ್ಟಿಂಟ್. ದುರ್ಬೀನಿನಲ್ಲಿ ಕಂಡದ್ದು ಕಪ್ಪು ಕಾಲು. ಇನ್ನೇನು ಬೇಕು? ಲಿಟಲ್ ಸ್ಟಿಂಟ್ ಎಂದು ಬರೆದುಕೊಂಡೆ.

ಜೊತೆಗಿದ್ದವರು ಹನುಮಂತಪ್ಪ, ಅರವತ್ತು ದಾಟಿದ ಮೀನುಗಾರ. ಕೆರೆಗೆ ಬಂದದ್ದು ಯಾವ ಹಕ್ಕಿ ಎಂಬ ತಕರಾರು ಎದ್ದರೆ ಸುತ್ತಲಿನ ಹಳ್ಳಿಗಳಲ್ಲಿ ಅವರ ಮಾತೇ ಕೊನೆ. (ಅವರಿಗೆ ಓದು ಬರದು.)

"ಕಾಲು ನೋಡಬ್ಯಾಡ್ರಿ ಸ್ವಾಮಿ. ಹೆಂಗೆ ತೆವಳ್ತೈತೆ ನೋಡ್ರಿ. ಇನ್ನೊಂದಾಗಿದ್ರೆ ಇಷ್ಟೊತ್ತಿಗೆ ಮೂರು ಸುತ್ತು ಓಡಿರೋದು. ಇದು ಮುಗಿಲೇರ. ಏಳೋಗಂಟ ತಡೀರಿ, ನೆಟ್ಟಗೆ ಮುಗಿಲಿಗೆ ಏರ್ತೈತೆ. ಇನ್ನೊಂದು ನೀರಿನ ಗುಂಟ ಹೋಗ್ತೈತೆ."

"ಇಲ್ಲಿಂದ ನಿಮಗೆ ಕಾಲಿನ ಬಣ್ಣ ಕಾಣ್ತದಾ?"

"ಕಾಣಾಕಿಲ್ಲ ರೀ. ಅದಕ್ಕೇ ತಡೀರಿ ಅಂದಿದ್ದು."

ನಾನು ತಡೆಯಲಿಲ್ಲ. ಚನ್ನಗಿರಿಯ ಬಸ್ಸಿಗೆ ಹೊತ್ತಾಗಿತ್ತು.

ಅಂಕಣದಲ್ಲಿ ಒಂದು ಸಾಲು ಸೇರಿಸಿದೆ: 'ಅನುಭವಿ ಮೀನುಗಾರ ಹನುಮಂತಪ್ಪನವರೂ ಈ ಹಕ್ಕಿಯ ವಿಷಯದಲ್ಲಿ ಎಡವಿದರು.' ಬರೆಯುವಾಗ ಸಾಲು ಚುರುಕಾಗಿದೆ ಅನ್ನಿಸಿತ್ತು.

ಸಂತೇಬೆನ್ನೂರಿನಲ್ಲಿ ಸಂತೆಯ ದಿನ ಟೈಲರ್ ಬಸಣ್ಣ ನಮ್ಮ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾರೆ. ಬಂದವರು ಅಂಗಡಿಯ ಮುಂದೆ ನಿಂತು ಕೇಳುತ್ತಾರೆ. ಆ ವಾರ ಕೇಳುತ್ತಿದ್ದವರಲ್ಲಿ ಹನುಮಂತಪ್ಪನವರೂ ಇದ್ದರಂತೆ.

"ಏನಣ್ಣಾ, ನಿನ್ನ ಕಣ್ಣಿಗೆ ಪೊರೆ ಬಂದೈತಂತೆ! ಪೇಪರ್ನಾಗೆ ಹಾಕ್ಯಾರೆ!" ಎಂದರಂತೆ ಒಬ್ಬರು.

"ಇನ್ಮ್ಯಾಲೆ ಕೊಕ್ಕರೆ ತೋರ್ಸಿ ಕಾಗೆ ಅಂತಾನೆ ಬಿಡ್ರಿ," ಎಂದರಂತೆ ಇನ್ನೊಬ್ಬರು.

ಇಡೀ ಸಂತೆ ನಕ್ಕಿತು. ಹನುಮಂತಪ್ಪ ಕೊಂಡ ಉಪ್ಪನ್ನೂ ಮರೆತು ನಡೆದರು. ಇದನ್ನು ನನಗೆ ಹೇಳಿದವರು ಬಸಣ್ಣನೇ, ಜನವರಿಯಲ್ಲಿ.

ಬಸಣ್ಣ ಇದನ್ನು ಹೇಳಿದ ದಿನವೇ, ಅದೇ ಸಂತೆಯಲ್ಲಿ ಬಲೆಗಾರನೊಬ್ಬ ಸಣ್ಣ ಹಕ್ಕಿಗಳ ಕಟ್ಟು ಮಾರುತ್ತಿದ್ದ. ಕೆಸರು ಹೋಗಲೆಂದು ನೀರು ಚಿಮುಕಿಸಿದ. ಒಂದರ ಕಪ್ಪು ಕಾಲಿನ ಮೇಲೆ ಹಳದಿ ಗೆರೆ ಮೂಡಿತು.

"ಪೂರಾ ತೊಳಿ," ಎಂದೆ.

"ತಿನ್ನೋದು ಎದಿ ರೀ ಸ್ವಾಮಿ, ಕಾಲಲ್ಲ!" ಎಂದು ನಗುತ್ತಲೇ ತೊಳೆದ. ಕಾಲು ಪೂರ್ತಿ ಹಳದಿ, ಟೆಮಿಂಕ್ಸ್ ಸ್ಟಿಂಟ್. ಸೂಳೆಕೆರೆಯ ಎರೆ ಕೆಸರು ಸಣ್ಣ ಕಾಲಿಗೆ ಕರಿ ಕಾಲುಚೀಲ ತೊಡಿಸುತ್ತದೆ. ಇದು ನನ್ನ ಪುಸ್ತಕದಲ್ಲಿ ಇರಲಿಲ್ಲ.

ಮರುದಿನ ಕೆರೆಗೆ ಹೋಗಿ, ನವೆಂಬರಿನಲ್ಲಿ ನಿಂತಿದ್ದ ಜಾಗದಲ್ಲೇ ನಿಂತೆ. ಅದೇ ತೆವಳುವ ಹಕ್ಕಿಗಳು, ಅದೇ ಕಪ್ಪು ಕಾಲುಗಳು. ಈ ಸಲ ತಡೆದೆ. ಅವು ಎದ್ದವು. ನೆಟ್ಟಗೆ ಮುಗಿಲಿಗೆ ಏರಿದವು.

ತಿದ್ದುಪಡಿ ಪ್ರಕಟವಾಯಿತು. ಕೊನೆಯ ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ. (ತಿದ್ದುಪಡಿಗಳ ಜಾಗ ಅದೇ.) ಬಸಣ್ಣ ಅದನ್ನು ಓದಲಿಲ್ಲ.

"ಸಣ್ಣಕ್ಷರ ಯಾರು ಓದ್ತಾರ್ರೀ? ಸೂಜಿಗೆ ದಾರ ಪೋಣ್ಸಾಕೇ ನನ್ನ ಕಣ್ಣು ಸಾಲ್ತಿಲ್ಲ."

ಮುಂದಿನ ಸಂತೆಯಲ್ಲಿ ನಾನೇ ನಿಂತು ಗಟ್ಟಿಯಾಗಿ ಓದಿದೆ. ನಕ್ಕಿದ್ದವರಲ್ಲಿ ಕೆಲವರಿದ್ದರು, ಕೇಳಿದರು, ಬೆಲ್ಲದ ಅಂಗಡಿಯತ್ತ ಹೋದರು. ತಿದ್ದುಪಡಿ ಕೇಳಿ ಯಾರಾದರೂ ನಗುತ್ತಾರೆಯೇ? ಮನೆಗೆ ಹೋಗಿ ನಾಲ್ಕು ಜನರಿಗೆ ಹೇಳುತ್ತಾರೆಯೇ? ಹನುಮಂತಪ್ಪ ಸಂತೆಗೆ ಬಂದಿರಲಿಲ್ಲ.

ಕೆರೆಯ ಬಳಿಯ ಅವರ ಮನೆಗೆ ಹೋದೆ. ಬಲೆ ಹೆಣೆಯುತ್ತಿದ್ದರು.

"ತಪ್ಪು ನನ್ನದು ಯಜಮಾನ್ರೇ. ನೀವು ಹೇಳಿದ್ದೇ ಸರಿ."

"ಆಗ್ಲಿ ಬಿಡ್ರಿ. ಮಜ್ಜಿಗಿ ಕುಡೀರಿ."

ಕೆರೆಯ ಏರಿಯ ಮೇಲೆ ಬಂದು ನನ್ನ ಪಕ್ಕದಲ್ಲಿ ಕುಳಿತರು. ಕೆಳಗಿನ ಕೆಸರಿನಿಂದ ಸಣ್ಣ ಹಕ್ಕಿಗಳ ಗುಂಪೊಂದು ಎದ್ದು ಏರಿತು. ಅವರ ಕತ್ತು ಅದರ ಜೊತೆಗೇ ಮೇಲೆ ಹೋಯಿತು.

"ಯಾವುದಿದು?" ಎಂದೆ.

"ಬರ್ಕೊಳ್ಳೋರು ನೀವು. ನೀವೇ ಹೇಳ್ರಿ."

ಆಮೇಲೆ ಇನ್ನೂ ಮೂರು ಸಲ ಹೋದೆ. ಮೂರು ಸಲವೂ ಮಜ್ಜಿಗೆ ಕೊಟ್ಟರು.

ಹೋದ ಭಾನುವಾರ ಕೆರೆಯಂಚಿನಲ್ಲಿ ಆ ಹಕ್ಕಿಗಳಿರಲಿಲ್ಲ, ಉತ್ತರಕ್ಕೆ ಹೊರಟಿವೆ. ಆ ಸಂತೆಯ ದಿನದಿಂದ ಇವತ್ತಿನವರೆಗೆ ಹನುಮಂತಪ್ಪ ನನಗೆ ಯಾವ ಹಕ್ಕಿಯ ಹೆಸರನ್ನೂ ಹೇಳಿಲ್ಲ.