ನೀಲಿ ಡ್ರಮ್ಮಿನ ಬಿಹಿ

ನನ್ನ ಗಂಡ ಬಿಹಿಗೆ ಊರಿನ ನೀರಿನ ಕೆಲಸ ಸಿಕ್ಕಿದ್ದು ಅವನಿಗೆ ನೀರಿನ ಬಗ್ಗೆ ಏನೋ ಗೊತ್ತಿತ್ತು ಅಂತಲ್ಲ, ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರಲು ಬರುತ್ತಿರಲಿಲ್ಲ ಅಂತ. ಮೊದಲು ಕಾಸಾಬ್ಲಾಂಕಾದಲ್ಲಿ ಚಿಕ್ಕಪ್ಪನ ಕಿರಾಣಿ ಅಂಗಡಿಯಲ್ಲಿದ್ದ. ಸಕ್ಕರೆ ಕೇಳಲು ಬಂದವರಿಗೆಲ್ಲ ಬುದ್ಧಿ ಹೇಳಿ ಹೇಳಿ ಗಿರಾಕಿಗಳನ್ನು ಪಕ್ಕದಂಗಡಿಗೆ ಓಡಿಸಿದ ಮೇಲೆ ಚಿಕ್ಕಪ್ಪ ಬಸ್ಸು ಹತ್ತಿಸಿ ಬೆಟ್ಟದ ನಮ್ಮೂರಿಗೆ ವಾಪಸ್ ಕಳಿಸಿದ. ಆ ವರ್ಷವೇ ಊರಿಗೆ ಕೊಳವೆಬಾವಿ, ಗುಡ್ಡದ ಮೇಲೊಂದು ಟ್ಯಾಂಕು, ಮನೆಮನೆಗೆ ನಲ್ಲಿ ಬಂದವು. ನೋಡಿಕೊಳ್ಳಲು ಊರವರದೇ ಒಂದು ನೀರಿನ ಸಂಘವೂ ಆಯಿತು. ಅಧ್ಯಕ್ಷ ಹಾಜಿ ಅಬಲ್ಲಾ, "ಟ್ಯಾಂಕಿನ ಉಸ್ತುವಾರಿ ಯಾರು ವಹಿಸ್ಕೋತೀರಪ್ಪಾ?" ಎಂದಾಗ ಎಲ್ಲರೂ ನೆಲ ನೋಡಿದರು, ಬಿಹಿ ಮಾತ್ರ ಮಾತಾಡುತ್ತಲೇ ಇದ್ದ. ಕೆಲಸ ಅವನ ಕೊರಳಿಗೆ ಬಿತ್ತು.

ಪಟ್ಟಣದಿಂದ ಒಬ್ಬ ಹುಡುಗಿ ಬಂದು ಅವನಿಗೆ ಕಲಿಸಿಕೊಟ್ಟಳು. ಟ್ಯಾಂಕಿನ ಪಕ್ಕ ಒಂದು ನೀಲಿ ಡ್ರಮ್ಮು, ಅದರಿಂದ ಹನಿಹನಿಯಾಗಿ ನೀರಿಗೆ ಕ್ಲೋರಿನ್. ಯಾವುದಾದರೊಂದು ಮನೆಯ ನಲ್ಲಿ ನೀರನ್ನು ಚಿಕ್ಕ ಗಾಜಿನ ಕೊಳವೆಗೆ ಹಿಡಿದು ಮಾತ್ರೆ ಹಾಕಿದರೆ ಗುಲಾಬಿ ಬಣ್ಣ ಬರಬೇಕು. ಅಷ್ಟೇ. ಬಿಹಿ ಅದನ್ನು ಕಲಿತ ದಿನದಿಂದ ಡಾಕ್ಟರಾದ. ಕೊಳವೆ, ಮಾತ್ರೆ, ಅರ್ಧ ರೊಟ್ಟಿ, ಎಲ್ಲವೂ ಅವನ ನಿಲುವಂಗಿಯ ಬೆನ್ನಿಗೆ ಜೋತಾಡುವ ಕುಲಾವಿಯೊಳಗೇ. ದಾರಿಯಲ್ಲಿ ಸಿಕ್ಕ ಹೆಂಗಸರನ್ನು ನಿಲ್ಲಿಸಿ ಅವರ ಬಿಂದಿಗೆಯನ್ನೂ ಪರೀಕ್ಷೆ ಮಾಡುತ್ತಿದ್ದ. ಅವನನ್ನು ಕಂಡರೆ ಜನ ದಾರಿ ಬದಲಿಸುತ್ತಿದ್ದರು.

ಅವನ ಕೆಲಸಕ್ಕೆ ದೊಡ್ಡ ಶತ್ರು ಯಾರೆಂದರೆ ನನ್ನ ತಾಯಿ ಇಜ್ಜಾ. ನಮ್ಮಜ್ಜ ಬಂಡೆ ಕೊರೆದು ಕಟ್ಟಿದ ಮಳೆನೀರಿನ ನೆಲತೊಟ್ಟಿ ಅವಳ ಪಾಲಿಗೆ ಬಂದಿದೆ. ಮಿಕ್ಕವರ ತೊಟ್ಟಿಗಳೆಲ್ಲ ಕುಸಿದುಹೋಗಿ ಎಷ್ಟೋ ಕಾಲವಾಯಿತು. ಅವಳ ತೊಟ್ಟಿಯ ನೀರಿನಲ್ಲಿ ಮಾಡಿದ ಚಹಾ ಕುಡಿದವರು ಬೇರೆ ಚಹಾಕ್ಕೆ ಮೂಗು ಮುರಿಯುತ್ತಾರೆ. ಒಂದು ಗುಟುಕು ಬಾಯಿಗಿಟ್ಟರೆ ಸಾಕು, ನೀರು ಯಾವ ಬಾವಿಯದು, ಪುದೀನಾ ಬೆಳಿಗ್ಗೆ ಕಿತ್ತದ್ದೋ ನಿನ್ನೆಯದೋ, ಎಲ್ಲ ಹೇಳುತ್ತಾಳೆ. ಸುತ್ತಲಿನ ಊರುಗಳಲ್ಲಿ ಮದುವೆಯಾದರೆ ಚಹಾ ರುಚಿ ನೋಡಲು ಅವಳನ್ನು ಕತ್ತೆ ಮೇಲೆ ಕೂರಿಸಿ ಕರೆದುಕೊಂಡು ಹೋಗುತ್ತಾರೆ. ಆ ನಾಲಿಗೆಯ ಜಂಬ ಅವಳಿಗೆ ಬೆಳ್ಳಿ ಒಡವೆಗಿಂತ ಹೆಚ್ಚು. ಅಳಿಯನ ನಲ್ಲಿ ನೀರನ್ನು ಅವಳು ಕರೆಯುತ್ತಿದ್ದದ್ದು "ಆಸ್ಪತ್ರೆ ನೆಲ ಒರೆಸಿದ ನೀರು" ಎಂದು.

ಹೋದ ಬೇಸಿಗೆಯಲ್ಲಿ ನಮ್ಮ ಕಿರಿಯವಳು ತೂದಾ ಅಜ್ಜಿ ಮನೆಯಲ್ಲಿ ತೊಟ್ಟಿಯ ನೀರನ್ನು ಕುದಿಸದೆ ಹಾಗೇ ಕುಡಿದಳು. ವಾಂತಿಭೇದಿ ಶುರುವಾಗಿ ಸಂಜೆಯಷ್ಟೊತ್ತಿಗೆ ಮಗುವಿನ ಕಣ್ಣು ಗುಳಿಬಿದ್ದವು, ಚಿವುಟಿದರೂ ಅಳಲಿಲ್ಲ. ತರಕಾರಿ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದೆವು. ಬದುಕಿತು. ಅಮ್ಮ ಮಾತ್ರ "ಕೆಟ್ಟ ಕಣ್ಣು ಬಿತ್ತು" ಎಂದಳು. ಜಗತ್ತಿನ ಎಲ್ಲದರ ಬಗ್ಗೆಯೂ ಮಾತಾಡುವ ನನ್ನ ಗಂಡ ಆ ವಿಷಯದಲ್ಲಿ ಅತ್ತೆಗೆ ಒಂದಕ್ಷರ ಅನ್ನಲಿಲ್ಲ. ಅದಕ್ಕಾಗಿ ಅವನ ಉಳಿದ ತಲೆಹರಟೆಯನ್ನೆಲ್ಲ ನಾನು ಮಾಫಿ ಮಾಡಿದ್ದೇನೆ.

ಈ ಸಲ ಆಗಸ್ಟಿನಲ್ಲಿ, ವಾಡಿಕೆಯಂತೆ, ಊರ ಗಂಡಸರೆಲ್ಲ ಕಾಸಾಬ್ಲಾಂಕಾದ ಅಂಗಡಿಗಳಿಗೆ ಬೀಗ ಹಾಕಿ ಮದುವೆಗಳಿಗೆ ಬಂದಿಳಿದರು. ಜೊತೆಗೆ ಬೀಗರೂ ಬಂದರು. ಯಾವನೋ ಒಬ್ಬ ಬೀಗ ಹಾಜಿ ಅಬಲ್ಲಾನ ಮನೆಯಲ್ಲಿ ಚಹಾ ಕುಡಿದು, "ಏನ್ ಹಾಜಿ, ಬಟ್ಟೆ ಒಗೆದ ಕೆಟಲಾ ಇದು?" ಎಂದುಬಿಟ್ಟ. ಹಾಜಿಯ ಮಾನ ಮೂರಾಬಟ್ಟೆಯಾಯಿತು. ಶುಕ್ರವಾರ ನಮಾಜಿನ ನಂತರ ಸಂಘದ ಸಭೆ, ನೀಲಿ ಡ್ರಮ್ಮು ತೆಗೆಯುವುದು ಎಂದು ಸುದ್ದಿ ಹಬ್ಬಿತು.

ಗುಡ್ಡದ ಮೇಲೆ ಪೈಪು ಸೋರುವ ಕಡೆಯೆಲ್ಲ ಆಡಿನ ಮಂದೆ ನಿಂತು ಗಲೀಜು ಮಾಡುತ್ತದೆ. ಡ್ರಮ್ಮಿನ ಕ್ಲೋರಿನ್ ಹನಿ ನಿಂತರೆ ನನ್ನ ಮಗುವಿಗೆ ಕುಡಿಸಲು ಊರಲ್ಲಿ ನಂಬುವ ನೀರೇ ಇರುವುದಿಲ್ಲ.

ಬಿಹಿ ಮಾತ್ರ ಮೀಸೆಯಡಿಯಲ್ಲೇ ನಗುತ್ತಿದ್ದ. "ಸಭೆ ನಮ್ಮನೇಲೇ ಇಟ್ಕೊಳ್ಳಲಿ. ನಲ್ಲಿ ನೀರಲ್ಲೇ ಚಹಾ ಮಾಡು. ಕುಡಿದು ಹೊಗಳ್ತಾರಲ್ಲ, ಆಮೇಲೆ ಹೇಳ್ತೀನಿ."

"ವಾಸನೆ ಗೊತ್ತಾಗಲ್ವೇನ್ರೀ?"

"ರಾತ್ರಿಯೆಲ್ಲ ನೀರನ್ನ ಮಡಕೇಲಿ ಮುಚ್ಚದೆ ಇಟ್ಟಿದ್ದೀನಿ ಕಣೇ, ವಾಸನೆ ಹಾರಿಹೋಗಿದೆ. ನಾನೇ ಕುಡಿದು ನೋಡ್ದೆ. ಏನೂ ಇಲ್ಲ."

ಸಿಗರೇಟು ಸೇದಿ ಸೇದಿ ಅವನ ಬಾಯಿಗೆ ಸೀಮೆಎಣ್ಣೆಗೂ ಜೇನಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಆದರೂ ಅವನು ಹೇಳಿದಂತೆ ಕೆಟಲಿಗೆ ಆ ಮಡಕೆಯ ನಲ್ಲಿ ನೀರು ತುಂಬಿ ಒಲೆ ಮೇಲಿಟ್ಟೆ.

ಗಂಡಸರು ಪಡಸಾಲೆಯಲ್ಲಿ ಕೂತರು. ಚಹಾಕ್ಕೆ ತೀರ್ಪು ಹೇಳಲಿ ಅಂತ ಹಾಜಿಯೇ ಅಮ್ಮನಿಗೆ ಹೇಳಿಕಳಿಸಿದ್ದ. ಅವಳು ಸೀದಾ ಅಡುಗೆಮನೆಗೆ ಬಂದಳು, ಶಾಲಿನ ಅಡಿಯಲ್ಲಿ ಒಂದು ಕ್ಯಾನು. ಕೆಟಲಿನ ಮುಚ್ಚಳ ತೆಗೆದು ಮೂಸಿದಳು. ನೀರನ್ನು ಅಂಗಳಕ್ಕೆ ಸುರಿದಳು.

"ಅಮ್ಮಾ! ಏನ್ ಮಾಡ್ತಿದೀಯ?" ನನಗೆ ಅಳು ಬಂತು. "ಅಳಿಯನ್ನ ಸೋಲಿಸೋದೇ ಬೇಕಾಗಿತ್ತಾ ನಿಂಗೆ?"

"ಬಾಯ್ಮುಚ್ಚೇ, ಮಾಮಾಸ್. ಅಬಲ್ಲಾನ ಮೂಗು ನಾಯಿ ಮೂಗು. ಈ ನೀರು ಒಳಗೆ ಹೋದ್ರೆ ನಿನ್ನ ಗಂಡನ ಡ್ರಮ್ಮು ಸಂಜೆಯೊಳಗೆ ಗುಜರಿಗೆ." ಕ್ಯಾನಿನಲ್ಲಿದ್ದ ತೊಟ್ಟಿಯ ನೀರನ್ನು ಕೆಟಲಿಗೆ ಸುರಿದಳು. "ಚಹಾಕ್ಕೆ ಹೆಂಗೂ ಕುದಿಯುತ್ತೆ. ಕುದ್ದ ಮೇಲೆ ಇದೇನೂ ಮಾಡಲ್ಲ."

"ಮತ್ತೆ ನೀನೇ ಅಲ್ವಾ ನಲ್ಲಿ ನೀರನ್ನ ಆಸ್ಪತ್ರೆ ನೀರು ಅಂತಿದ್ದೋಳು?"

ಅವಳು ಒಲೆ ಊದುತ್ತಾ, ನನ್ನ ಮುಖ ನೋಡದೆ ಹೇಳಿದಳು: "ತೂದಾಗೆ ಆವತ್ತು ಈ ತೊಟ್ಟಿ ನೀರು ಕುಡಿಸಿದ್ದು ನಾನೇ ಕಣೇ. ಈ ಕೈಯಲ್ಲೇ. ಇನ್ನೊಂದು ಬೇಕು ಅಂದ್ಳು, ಇನ್ನೊಂದು ಲೋಟ ಕೊಟ್ಟೆ." ಆಮೇಲೆ ಗದರಿದಳು. "ಪುದೀನಾ ಎಲ್ಲಿಟ್ಟಿದೀಯ? ನಿನ್ನ ಗಂಡಂಗೆ ಹೇಳಿದ್ರೆ ನೋಡು, ಅವನ ಹೊಟ್ಟೇಲಿ ಗುಟ್ಟು ಕಡಲೆಕಾಳಷ್ಟೂ ನಿಲ್ಲಲ್ಲ."

ವಾಡಿಕೆಯಂತೆ ಹಿರಿಯನೆಂದು ಹಾಜಿಯೇ ತನ್ನ ಕೈಯಾರೆ ಚಹಾ ಬೆರೆಸಿ, ಎತ್ತರದಿಂದ ನೊರೆಯೇಳುವಂತೆ ಸುರಿದು, ಕುಡಿದು ಕಣ್ಣು ಮುಚ್ಚಿದ. "ಆಹಾ. ಇದಪ್ಪಾ ಚಹಾ ಅಂದ್ರೆ!" ಎಲ್ಲರೂ ಸೊರ್‍ರೆಂದು ಹೀರಿ ತಲೆದೂಗಿದರು.

ಬಿಹಿ ಎದ್ದು ನಿಂತ. ಮದುಮಗನೂ ಹಾಗೆ ನಿಂತಿರಲಾರ. "ನೀವು ಕುಡೀತಿರೋದು ನಲ್ಲಿ ನೀರು! ನನ್ನ ನೀಲಿ ಡ್ರಮ್ಮಿನ ನೀರು! ತಪ್ಪು ಕ್ಲೋರಿನ್‌ದಲ್ಲ ಸ್ವಾಮಿ, ನಿಮ್ಮ ಮನೆ ಚಹಾ ಮಾಡೋರ ಕೈದು!"

ಗದ್ದಲವೋ ಗದ್ದಲ. ಹಾಜಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ, ಮತ್ತೆ ಮೂಸಿದ. ನಂಬಿಕೆ ಬರಲಿಲ್ಲ. ಬಾಗಿಲ ಬಳಿ ಕೂತಿದ್ದ ಅಮ್ಮನ ಕಡೆ ತಿರುಗಿ ಮರ್ಯಾದೆಯಿಂದ ಕರೆದ.

"ಲಲ್ಲಾ ಇಜ್ಜಾ, ನಿಮ್ಮ ನಾಲಿಗೆಗೆ ಯಾರೂ ಮೋಸ ಮಾಡೋಕಾಗಲ್ಲ. ನೀವೇ ಹೇಳಿ. ಇದು ನಲ್ಲಿ ನೀರಾ, ತೊಟ್ಟಿ ನೀರಾ? ತೊಟ್ಟಿ ನೀರಾದ್ರೆ ಇವತ್ತೇ ಡ್ರಮ್ಮು ಕಿತ್ತೆಸೀತೀನಿ."

ಬಿಹಿಯೂ ಹಲ್ಲು ಕಿರಿದ. "ಹೇಳಿ ಅತ್ತೆ, ಹೇಳಿ! ಗೊತ್ತಾಯ್ತಾ ನಿಮಗೆ?"

ಅಮ್ಮ ಒಂದು ಗುಟುಕು ಕುಡಿದಳು. ಬಾಯಲ್ಲಿಟ್ಟುಕೊಂಡು ನುಂಗಿದಳು. ಇನ್ನೊಂದು ಕುಡಿದಳು. ಅಷ್ಟು ಗಂಡಸರು ಅವಳ ಬಾಯನ್ನೇ ನೋಡುತ್ತಿದ್ದರು.

"ಇಲ್ಲಪ್ಪ," ಅಂದಳು. "ತೊಟ್ಟೀದು ಅಂತಲೇ ಕುಡಿದೆ. ನಲ್ಲೀದು ಅಂತ ಗೊತ್ತೇ ಆಗಲಿಲ್ಲ. ವಯಸ್ಸಾಯ್ತು, ನಾಲಿಗೆ ಸತ್ತೋಗಿದೆ."

ಪಡಸಾಲೆ ನಗೆಯಲ್ಲಿ ಮುಳುಗಿತು. "ಇಜ್ಜಾನ ನಾಲಿಗೆ ಹೋಯ್ತು!" ಎಂದು ಯಾರೋ ತೊಡೆ ತಟ್ಟಿಕೊಂಡು ಕೂಗಿದರು. ಬಿಹಿಯಂತೂ ಅತ್ತೆಯ ಮುಂದೆ ಕುಣಿಯುವುದೊಂದು ಬಾಕಿ. ಡ್ರಮ್ಮು ಉಳಿಯಿತು. ಅಂದಿನಿಂದ ಊರಲ್ಲಿ ಯಾರೂ ನಲ್ಲಿ ನೀರಿನ ಚಹಾ ಕೆಟ್ಟಿದೆ ಅನ್ನುವುದಿಲ್ಲ, ಹಾಗಂದರೆ ತಮ್ಮ ಮನೆಯವರ ಕೈ ಕೆಟ್ಟಿದೆ ಎಂದು ತಾವೇ ಒಪ್ಪಿಕೊಂಡಂತೆ. ಮದುವೆಗಳಿಗೆ ಅಮ್ಮನನ್ನು ಕರೆದೊಯ್ಯಲು ಕತ್ತೆಯೂ ಬರುತ್ತಿಲ್ಲ.

ಅವತ್ತು ಆ ನಗುವಿನ ನಡುವೆ ನಾನು ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದೆ. ಅಮ್ಮ ಖಾಲಿ ಲೋಟ ನನ್ನ ಕಡೆ ಚಾಚಿದಳು. "ಅಳೋದೇನಿದೆ ಅದರಲ್ಲಿ? ಚೆನ್ನಾಗಿದೆ, ಇನ್ನೊಂದು ಹಾಕು."