ಹಿಂದಕ್ಕೆ ಹರಿದ ನೀರು

ಐವತ್ತರ ದಶಕದಲ್ಲಿ ನಾನು ಪರೇಲಿನ ಒಂದು ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದೆ. ಬೆಳಗಾವಿ ಕಡೆಯಿಂದ ಬಂದು ನಾಲ್ಕು ವರ್ಷವಾಗಿತ್ತು. ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವಲ್ಲಿ ಮಾತು ಕೇಳಿಸುತ್ತಿರಲಿಲ್ಲ. ತುಟಿ ನೋಡಿ, ಕೈಸನ್ನೆ ನೋಡಿ ತಿಳಿದುಕೊಳ್ಳುತ್ತಿದ್ದೆವು. ಪಾಳಿ ಮುಗಿಸಿ ಹೊರಬಂದರೂ ಆ ಸದ್ದು ನನ್ನನ್ನು ಬಿಡುತ್ತಿರಲಿಲ್ಲ. ಚಾಳಿನ ಖೋಲಿಯಲ್ಲಿ ಊಟಕ್ಕೆ ಕುಳಿತರೆ ಮೊಣಕಾಲು ತಾನಾಗಿಯೇ ಅಲುಗುತ್ತಿತ್ತು.

ರವಿವಾರ ರಜೆ. ಅಂದು ದಹಿಸರಿನಲ್ಲಿದ್ದ ಅಕ್ಕನ ಮನೆಗೆ ಹೋಗುತ್ತಿದ್ದೆ. ಭಾವನದು ಸ್ಟೇಷನ್ ಹತ್ತಿರ ಸಣ್ಣ ಕಿರಾಣಿ ಅಂಗಡಿ, ಮನೆ ಮಾತ್ರ ದೂರ, ಹೊಳೆಯ ದಂಡೆಯಲ್ಲಿ. ಅಲ್ಲಿಯ ನಿಶ್ಶಬ್ದ ಮಧ್ಯಾಹ್ನ ನನಗೆ ಹಿತವಾಗುವ ಬದಲು ದಿಗಿಲು ಹುಟ್ಟಿಸುತ್ತಿತ್ತು. ಕಿವಿಯೊಳಗಿನ ಗುಂಯ್ ಸದ್ದು ಅಲ್ಲೇ ಹೆಚ್ಚು. ಉಂಡ ಕೂಡಲೇ ಲೋಕಲ್ ಹಿಡಿಯಲು ನೆವ ಹುಡುಕುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಹಾಗೆಯೇ ಚಪ್ಪಲಿ ಮೆಟ್ಟುತ್ತಿದ್ದಾಗ ಅಕ್ಕ ತಡೆದಳು.

"ಈಗ ಬಂದಿ, ಈಗ ಹೊಂಟಿ. ಪರೇಲದಾಗ ಏನೈತಿ ನಿನಗ?"

"ಏನಿಲ್ಲಕ್ಕಾ. ಇಲ್ಲಿ ಕುಂದ್ರಾಕ ಆಗೂದಿಲ್ಲ."

"ಹಂಗಾರ ಒಂದು ಕೆಲಸ ಮಾಡು. ದಂಡಿ ಮ್ಯಾಲೆ ಸಂಡಗಿ ಒಣಗಾಕ ಹಾಕೇನಿ. ನಾ ಬಾವಿಗೆ ಹೋಗಿ ಬರೂತನಾ ಕಾಗಿ ಬರದಂಗ ಕಾಯಿ."

ಕೋಲು ಹಿಡಿದು ಕಲ್ಲಿನ ಮೇಲೆ ಕುಳಿತೆ. ಎದ್ದೆ, ಅತ್ತಿಂದಿತ್ತ ನಡೆದೆ, ಮತ್ತೆ ಕುಳಿತೆ. ಬೀಡಿ ಹಚ್ಚಿ ಅರ್ಧಕ್ಕೆ ಎಸೆದೆ. ಒಂದು ಒಣ ಎಲೆ ಸಮುದ್ರದ ಕಡೆ ತೇಲಿ ಹೋಗುತ್ತಿತ್ತು. ಬೇರೆ ಕೆಲಸವಿಲ್ಲದೆ ಅದನ್ನೇ ನೋಡಿದೆ. ಹೋಗುತ್ತ ಹೋಗುತ್ತ ಅದು ನಿಧಾನವಾಯಿತು, ನಡುನೀರಿನಲ್ಲಿ ನಿಂತೇಬಿಟ್ಟಿತು. ನಾನೂ ಅಲುಗದೆ ಕಾದೆ. ಸ್ವಲ್ಪ ಹೊತ್ತಿಗೆ ಎಲೆ ತಿರುಗಿ, ಬಂದ ದಾರಿಯಲ್ಲೇ ನನ್ನ ಕಡೆ ಬರತೊಡಗಿತು.

ಸಮುದ್ರಕ್ಕೆ ಭರತ ಬಂದು ನೀರನ್ನು ಹಿಂದಕ್ಕೆ ತಳ್ಳುತ್ತಿದೆ ಎಂದು ಹೊಳೆಯಲು ತುಸು ಹೊತ್ತು ಬೇಕಾಯಿತು. ಅಲ್ಲಿಂದ ಸಮುದ್ರ ಕಾಣುತ್ತಿರಲಿಲ್ಲ. ಕೆಸರಿನ ತೂತುಗಳಲ್ಲಿ ಗುಳ್ಳೆ ಎದ್ದು ಒಡೆಯುತ್ತಿದ್ದವು, ಏಡಿಗಳು ಒಳಸರಿಯುತ್ತಿದ್ದವು. ಪೂರ್ವದ ಬೆಟ್ಟದ ಮೇಲೆ ಹಗಲಿನ ಚಂದ್ರ, ನೀರಲ್ಲಿ ನೆನೆದ ಕಾಗದದಂತೆ ಬೆಳ್ಳಗೆ. ನೀರನ್ನು ಎಳೆಯುವವನು ಅವನೇ ಎಂದು ಶಾಲೆಯಲ್ಲಿ ಓದಿದ್ದೆ, ಎಂದೂ ನಂಬಿರಲಿಲ್ಲ. ಆಗ ನನ್ನ ಉಸಿರು ಒಳಹೋಗಿ ಹೊರಬರುವುದು ತಿಳಿಯಿತು. ಅದನ್ನೂ ನಾನು ನಡೆಸುತ್ತಿರಲಿಲ್ಲ. ಆ ನೀರು, ಆ ಏಡಿ, ನಾನು, ಎಲ್ಲ ಒಂದೇ ಎಳೆತಕ್ಕೆ ಸಿಕ್ಕಿದ್ದೇವೆ ಅನ್ನಿಸಿತು. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು.

"ಕಣ್ಣ ತೆರಕೊಂಡ ಮಲಗಿದ್ದೇನ?"

ಅಕ್ಕ ಕೊಡ ಹೊತ್ತು ನಿಂತಿದ್ದಳು. ಕಾಗೆಗಳು ಅರ್ಧ ಸಂಡಿಗೆ ತಿಂದು ಮುಗಿಸಿದ್ದವು.

"ನೀರು ಹಿಂದಕ ತಿರಗಿತಕ್ಕಾ."

"ಅದು ದಿನಾ ತಿರಗತೈತಿ," ಎಂದಳು. ಬೈಯುತ್ತಾಳೆಂದುಕೊಂಡೆ, ಕೊಡ ಇಳಿಸಿ ಪಕ್ಕದಲ್ಲಿ ಕುಳಿತಳು. "ಹೊಸದಾಗಿ ಬಂದಾಗ ನಾನೂ ನೋಡಕೋತ ಕುಂದರ್ತಿದ್ದೆ. ಇಲ್ಲಿ ಒಬ್ಬರ ಮಾತೂ ತಿಳೀತಿರಲಿಲ್ಲ. ಎದ್ಯಾಗ ಬೆಂಕಿ ಇಟ್ಟಂಗ ಆಗತಿತ್ತು. ಇದನ್ನ ನೋಡಿದ ಮ್ಯಾಲೆ ಒಳಗ ಹೋಗಿ ಒಲಿ ಹಚ್ಚಾಕ ಮನಸ್ಸು ಬರತಿತ್ತು."

ಪ್ರತಿ ರವಿವಾರ ಬಂದು ಉಂಡು ಹೋಗುತ್ತಿದ್ದ ನಾನು, ಅವಳು ಹೇಗಿದ್ದಾಳೆಂದು ಒಮ್ಮೆಯೂ ಕೇಳಿರಲಿಲ್ಲ.

ಮುಂದಿನ ವಾರ ಅದೇ ಕಲ್ಲಿನ ಮೇಲೆ, ಅದೇ ಅನುಭವ ಬೇಕೆಂದು ಹೋಗಿ ಕುಳಿತೆ. ಬರಲಿಲ್ಲ. ನೀರು ತನ್ನಷ್ಟಕ್ಕೆ ಇತ್ತು. ನನ್ನ ತಲೆಯಲ್ಲಿ ಹರಿದ ನೂಲು, ಗಿರಣಿಯಲ್ಲಿ ಬೈಯುವ ಮುಕಾದಮನ ಮುಖ. ಮೂರು ಸಲ ಎದ್ದೆ. ಕೊನೆಗೆ ಅಕ್ಕ ಸೋಸಬೇಕಾದ ಸೊಪ್ಪಿನ ಮೊರ ಹಿಡಿದು ಹೊರಬಂದಳು. ಅವಳು ಊರು ಬಿಟ್ಟ ದಿನದ ಬಗ್ಗೆ ಕೇಳಿದೆ. ಕತ್ತಲಾಗುವವರೆಗೂ ಹೇಳಿದಳು.